ಎಲ್ಲರೂ ಕೇಳುವ ಪ್ರಶ್ನೆ: ನ್ಯಾಷನಲ್ ಮೆರಿಟ್ ಬಂದರೆ ದೊಡ್ಡ ಕಾಲೇಜು ಸಿಗುತ್ತಾ?

ನ್ಯೂಜೆರ್ಸಿಯಲ್ಲಿ ನಾವು ಕನ್ನಡದವರು ಸೇರುವ ಗಣೇಶನ ಹಬ್ಬದ ಊಟದಲ್ಲಿ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ನ್ಯಾಷನಲ್ ಮೆರಿಟ್ ಅಂದರೆ ಅಮೆರಿಕದ ಹೈಸ್ಕೂಲು ಮಕ್ಕಳಿಗೆ ಪರೀಕ್ಷೆಯ ಅಂಕದ ಮೇಲೆ ಸಿಗುವ ಗೌರವ, ವಿದ್ಯಾರ್ಥಿವೇತನ. ಅದರ ಮೊದಲ ಹಂತ ದಾಟಿದ ಸೆಮಿಫೈನಲಿಸ್ಟ್‌ಗಳ ಪಟ್ಟಿ ಹೊರಬೀಳುವುದೂ ಸೆಪ್ಟೆಂಬರ್‌ನಲ್ಲೇ. "ಮಗಳಿಗೆ ನ್ಯಾಷನಲ್ ಮೆರಿಟ್ ಬಂತು, ಇನ್ನು ಹಾರ್ವರ್ಡ್, ಎಂಐಟಿ ಸಲೀಸು ಅಲ್ವಾ?" ಅಂತ ಒಬ್ಬರು ಕೇಳುತ್ತಾರೆ. ಹೋದ ವರ್ಷ ಒಬ್ಬ ತಾಯಿ ಊಟದ ತಟ್ಟೆ ಹಿಡಿದೇ ಕಣ್ಣೀರು ಹಾಕಿದರು. ಮಗನಿಗೆ ಎರಡೇ ಅಂಕದಲ್ಲಿ ತಪ್ಪಿತ್ತು.

ಇಬ್ಬರಿಗೂ ನನ್ನ ಉತ್ತರ ಒಂದೇ. ಸೀಟಿನ ಮಟ್ಟಿಗೆ ಇದರ ತೂಕ ತೀರಾ ಕಡಿಮೆ. ಹಣದ ಮಟ್ಟಿಗೆ, ಕೆಲವು ಕಾಲೇಜುಗಳಲ್ಲಿ, ತುಂಬಾ ಜಾಸ್ತಿ.

ಹನ್ನೊಂದನೇ ತರಗತಿಯ ಅಕ್ಟೋಬರ್‌ನಲ್ಲಿ ಬರೆಯುವ ಪಿಎಸ್‌ಎಟಿಯ (ಕಾಲೇಜು ಪ್ರವೇಶದ ಎಸ್‌ಎಟಿಗೆ ಪೂರ್ವಭಾವಿ ಪರೀಕ್ಷೆ) ಅಂಕದಿಂದಲೇ ಈ ಆಯ್ಕೆ. ಸುಮಾರು 13 ಲಕ್ಷ ಮಕ್ಕಳಲ್ಲಿ 16,000ದಷ್ಟು ಮಂದಿ ಸೆಮಿಫೈನಲಿಸ್ಟ್ ಆಗುತ್ತಾರೆ. ಎಂಐಟಿ ವರ್ಷಕ್ಕೆ ಸೇರಿಸಿಕೊಳ್ಳುವುದು 1,100ರ ಆಸುಪಾಸು. ಅಲ್ಲಿಗೆ ಅರ್ಜಿ ಹಾಕುವವರಲ್ಲಿ ಈ ಗೌರವ ಇರುವವರು ಬೇಕಾದಷ್ಟು ಜನ. ಎಸ್‌ಎಟಿ ಅಂಕವಂತೂ ಕಾಲೇಜಿನವರ ಕಣ್ಣೆದುರೇ ಇರುತ್ತದೆ, ಇದು ಹೊಸದಾಗಿ ಏನನ್ನೂ ಹೇಳುವುದಿಲ್ಲ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಕಳಿಸುವ ಕಾಮನ್ ಆ್ಯಪ್‌ನಲ್ಲಿ ಗೌರವಗಳಿಗೆ ಐದು ಜಾಗ ಇವೆ, ಅದರಲ್ಲೊಂದು ತುಂಬುತ್ತದೆ. ಮುಂದಿನ ಹಂತ ದಾಟಿ ಫೈನಲಿಸ್ಟ್ ಆದ ಸುದ್ದಿ ಬರುವುದೇ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅರ್ಜಿಗಳೆಲ್ಲ ಹೋಗಿರುತ್ತವೆ. ಇನ್ನು ಬರ್ಕ್ಲಿ, ಯುಸಿಎಲ್‌ಎ ಇರುವ ಯುಸಿ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಕಾಲೇಜುಗಳು ಪ್ರವೇಶಕ್ಕೆ ಎಸ್‌ಎಟಿಯನ್ನೇ ನೋಡುವುದಿಲ್ಲ.

ಆ ತಾಯಿಗೆ ನಾನು ಹೇಳಿದ್ದು ಇನ್ನೊಂದು ಮಾತು. ಸೆಮಿಫೈನಲಿಸ್ಟ್ ಸ್ಥಾನಗಳನ್ನು ಹೈಸ್ಕೂಲು ಮುಗಿಸುವ ಮಕ್ಕಳ ಲೆಕ್ಕದಲ್ಲಿ ರಾಜ್ಯ ರಾಜ್ಯಕ್ಕೆ ಹಂಚುತ್ತಾರೆ. ಹಾಗಾಗಿ ಕಟಾಫ್ ಎಲ್ಲ ಕಡೆ ಒಂದೇ ಅಲ್ಲ. 2024ರಲ್ಲಿ ಹೈಸ್ಕೂಲು ಮುಗಿಸಿದ ಮಕ್ಕಳಿಗೆ, ಒಟ್ಟು 228ರಲ್ಲಿ, ನ್ಯೂಜೆರ್ಸಿಯಲ್ಲಿ 223 ಬೇಕಿತ್ತು. ವೆಸ್ಟ್ ವರ್ಜೀನಿಯಾದಲ್ಲಿ 207 ಸಾಕಿತ್ತು. ಅವರ ಮಗ ಅಲ್ಲಿದ್ದಿದ್ದರೆ ಆರಾಮಾಗಿ ಪಟ್ಟಿಯಲ್ಲಿರುತ್ತಿದ್ದ. ಮನೆಯ ವಿಳಾಸ ನೋಡಿ ಮಗುವಿನ ಬುದ್ಧಿ ಅಳೆಯಬೇಡಿ. ಹದಿನಾರು ವರ್ಷದ ಹುಡುಗನ ಎದುರು ಅಮ್ಮ ಅಳುವಂಥ ವಿಷಯ ಇದಲ್ಲ. ಇದನ್ನು ನಾನು ಎಷ್ಟು ಸಲವಾದರೂ ಹೇಳುತ್ತೇನೆ.

ಈಗ ಹಣದ ಮಾತು. ನ್ಯಾಷನಲ್ ಮೆರಿಟ್ ಸಂಸ್ಥೆಯೇ ಕೊಡುವ ವಿದ್ಯಾರ್ಥಿವೇತನ ಒಂದೇ ಸಲದ 2,500 ಡಾಲರ್, ಅದೂ ಎಲ್ಲ ಫೈನಲಿಸ್ಟ್‌ಗಳಿಗೆ ಸಿಗುವುದಿಲ್ಲ. ಆದರೆ ಅಲಬಾಮಾ ವಿಶ್ವವಿದ್ಯಾಲಯ ಈಚಿನ ವರ್ಷಗಳಲ್ಲಿ ಫೈನಲಿಸ್ಟ್‌ಗಳಿಗೆ ಪೂರ್ತಿ ಟ್ಯೂಷನ್ ಫೀಸಿನ ಜೊತೆ ನಾಲ್ಕು ವರ್ಷ ಕ್ಯಾಂಪಸ್‌ನಲ್ಲಿ ಉಳಿಯುವ ಖರ್ಚನ್ನೂ ಕೊಟ್ಟಿದೆ. ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ, ಒಕ್ಲಹೋಮಾ ಕೂಡ ಇಂಥ ಮಕ್ಕಳನ್ನು ಕರೆದು ಸೇರಿಸಿಕೊಳ್ಳುತ್ತವೆ. ನಮ್ಮವರು ಈ ಹೆಸರುಗಳನ್ನು ಕೇಳಿದ ಕೂಡಲೇ ಮುಖ ತಿರುಗಿಸುತ್ತಾರೆ. ಮನೆಯಲ್ಲಿ ಓದುವ ಮಕ್ಕಳು ಇಬ್ಬರಿದ್ದರೆ ಒಂದು ಸಂಜೆ ಕೂತು ಲೆಕ್ಕ ಹಾಕಿ ನೋಡಿ.

ಒಂದು ವಿಷಯ ಮಾತ್ರ ಮರೆಯಬೇಡಿ. ಈ ಹಣ ಬೇಕಾದರೆ ಆ ಕಾಲೇಜೇ ತನ್ನ ಮೊದಲ ಆಯ್ಕೆ ಅಂತ ಮಗು ನ್ಯಾಷನಲ್ ಮೆರಿಟ್ ಸಂಸ್ಥೆಗೆ ತಿಳಿಸಬೇಕು. ಅದಕ್ಕೆ ಒಂದೊಂದು ಕಾಲೇಜೂ ಒಂದೊಂದು ಕೊನೆಯ ದಿನ ಇಡುತ್ತದೆ. ಆ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಇವತ್ತೇ ಬರೆದಿಡಿ.