‘ಏನೂ ಆಗಲ್ಲ’ ಅನ್ನುವ ಮೊದಲು

ನಮ್ಮ ಡಯಾಲಿಸಿಸ್ ಕೋಣೆಯ ಗೋಡೆ ಮೇಲೆ ಒಂದು ಬೋರ್ಡ್ ಇದೆ. ದೊಡ್ಡ ಸೂರ್ಯಕಾಂತಿ ಹೂವು, ಅದರ ಕೆಳಗೆ ‘ಸದಾ ನಗುತ್ತಿರಿ’ ಅಂತ ದಪ್ಪ ಅಕ್ಷರ. ಎದುರಿನ ಹಾಸಿಗೆಯಲ್ಲಿ ಮಲಗಿದವರು ನಾಲ್ಕು ತಾಸು ಅದನ್ನೇ ನೋಡಬೇಕು. ಆ ಹಾಸಿಗೆ ಯಾರಿಗೂ ಬೇಡ. (ಎಸಿ ಗಾಳಿ ನೇರ ಅಲ್ಲಿಗೇ ಬೀಳುತ್ತದೆ, ಅದೂ ಒಂದು ಕಾರಣ ಇರಬಹುದು.)

ನಾನು ಉತ್ತರ ಕನ್ನಡದ ಕುಮಟಾ ಕಡೆ ನರ್ಸ್. ವಾರ್ಡು, ಐಸಿಯು ಎಲ್ಲ ಕಡೆ ಮಾಡಿ ಈಗ ಡಯಾಲಿಸಿಸ್‌ನಲ್ಲಿದ್ದೇನೆ. ವಾರ್ಡಿನಲ್ಲಿ ಪೇಷೆಂಟ್ ನಾಲ್ಕು ದಿನ ಇದ್ದು ಹೋಗುತ್ತಾರೆ. ‘ಬೇಗ ಆರಾಮಾಗ್ತೀರಿ’ ಅಂದರೆ ಹೆಚ್ಚಿನವರು ಆರಾಮಾಗಿಯೇ ಹೋಗುತ್ತಾರೆ. ಇಲ್ಲಿ ಹಾಗಲ್ಲ. ಅದೇ ಜನ ವಾರಕ್ಕೆ ಎರಡು ಸಲ, ಮೂರು ಸಲ, ವರ್ಷಗಟ್ಟಲೆ ಬರುತ್ತಾರೆ. ಸೋಮವಾರ ಆಡಿದ ಮಾತಿಗೆ ಗುರುವಾರ ಲೆಕ್ಕ ಕೊಡಬೇಕು. ಒಳ್ಳೆಯ ಕಿಡ್ನಿ ವಾರದ 168 ತಾಸೂ ರಕ್ತ ಸೋಸುತ್ತದೆ. ನಮ್ಮ ಮಷಿನ್ ಆ ಕೆಲಸ ಮಾಡುವುದು 8 ತಾಸು, ಹೆಚ್ಚೆಂದರೆ 12. ಇದರಿಂದ ಕಾಯಿಲೆ ಗುಣ ಆಗುವುದಿಲ್ಲ, ಮುಂದಿನ ಸರದಿಯವರೆಗೆ ದಿನ ದೂಡುತ್ತದೆ. ಇದು ಅಲ್ಲಿ ಮಲಗಿದವರಿಗೆಲ್ಲ ಗೊತ್ತು. ಹೀಗಿರುವಾಗ ‘ಎಲ್ಲ ಸರಿಹೋಗುತ್ತೆ, ಪಾಸಿಟಿವ್ ಆಗಿರಿ’ ಅನ್ನುವ ಮಾತು ಎಷ್ಟು ದಿನ ನಡೆದೀತು?

ರಿಟೈರ್ ಆದ ಒಬ್ಬ ಮಾಸ್ತರರು ಬರುತ್ತಾರೆ. ಒಂದು ದಿನ ಸೂಜಿ ಹಾಕಿ ಮುಗಿದ ಮೇಲೆ ಹೊಸ ಹುಡುಗಿಯನ್ನು ಕೇಳಿದರು, “ತಂಗಿ, ಹೀಗೆ ಎಷ್ಟು ವರ್ಷ ಹೋಗಬಹುದು?”

“ಅಯ್ಯೋ ಸರ್, ಹಾಗೆಲ್ಲ ಯೋಚ್ನೆ ಮಾಡ್ಬಾರ್ದು! ನೀವು ನೂರು ವರ್ಷ ಇರ್ತೀರಿ. ಇವತ್ತು ಎಷ್ಟು ಫ್ರೆಶ್ ಕಾಣ್ತಿದ್ದೀರಿ ನೋಡಿ.”

ಹುಡುಗಿ ಒಳ್ಳೆಯವಳೇ. ಕೈಯೂ ಚುರುಕು. ಮಾಸ್ತರರು ನಕ್ಕು “ಹೌದೌದು” ಅಂದರು. ಟಿವಿ ಕಡೆ ತಿರುಗಿದರು. ಟಿವಿ ಆಫ್ ಆಗಿತ್ತು.

ಬಿಪಿ ನೋಡಲು ಹೋದಾಗ ಮೆಲ್ಲಗೆ ಕೇಳಿದೆ, “ಮಾಸ್ತರ್ರೆ, ಎಂತಕ್ಕೆ ವರ್ಷದ ಲೆಕ್ಕ ಕೇಳಿದ್ರಿ?” ಅವರಿಗೆ ತಲೆಯಲ್ಲಿ ಇದ್ದದ್ದು ತೋಟದ ಪಾಲು. ಇಬ್ಬರು ಗಂಡುಮಕ್ಕಳು. ಒಬ್ಬ ಊರಲ್ಲಿ, ಒಬ್ಬ ಬೆಂಗಳೂರಲ್ಲಿ. ಕಾಗದಪತ್ರ ಈಗಲೇ ಮಾಡಿಸಬೇಕೋ, ಮಗಳ ಮದುವೆ ಮುಗಿಸಿ ನೋಡಿದರೆ ಆಗುತ್ತದೋ ಅಂತ ಚಿಂತೆ. “ಇಷ್ಟೇ ವರ್ಷ ಅಂತ ನಂಗೆ ಹೇಳೋಕೆ ಬರೋದಿಲ್ಲ. ಆದ್ರೆ ಕಾಗದದ ಕೆಲ್ಸ ಮುಂದೆ ಹಾಕ್ಬೇಡಿ. ಡಾಕ್ಟ್ರು ಬಂದಾಗ ನೀವೇ ಕೇಳಿ, ನಾನು ಪಕ್ಕದಲ್ಲೇ ಇರ್ತೇನೆ” ಅಂದೆ. ಆಮೇಲೆ ಮಷಿನ್ ನಿಲ್ಲುವವರೆಗೂ ಅವರು ಅಡಿಕೆ, ಕೊಳೆರೋಗ, ಕೊನೆಗಾರರ ಕೂಲಿ ಅಂತ ಮಾತಾಡುತ್ತಲೇ ಇದ್ದರು.

‘ಏನೂ ಆಗಲ್ಲ’ ಅನ್ನಲು ಎರಡು ಸೆಕೆಂಡ್ ಸಾಕು. ‘ಎಂತಕ್ಕೆ ಕೇಳಿದ್ರಿ’ ಅಂದರೆ ನಿಲ್ಲಬೇಕಾಗುತ್ತದೆ. ನಮ್ಮ ಈ ಅತಿ ಉತ್ಸಾಹದ ಮಾತಿಗೆ ಪ್ರೀತಿಗಿಂತ ಪುರುಸೊತ್ತಿಲ್ಲದ್ದೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ. ಒಂದು ಕಡೆ ಅಲಾರಾಂ ಹೊಡೆಯುತ್ತಿರುತ್ತದೆ, ಇನ್ನೊಂದು ಕಡೆ ಬಿಪಿ ಇಳಿಯುತ್ತಿರುತ್ತದೆ. ಆಗ ಬಾಯಿಗೆ ಬರುವುದು ಮಾತು ಮುಗಿಸುವ ಮಾತೇ. ಪೇಷೆಂಟಿಗೂ ಅದು ಅರ್ಥವಾಗುತ್ತದೆ. ಅವರೇ ನಕ್ಕು ನಮ್ಮನ್ನು ಹೋಗಲು ಬಿಡುತ್ತಾರೆ. ಯಾರು ಯಾರಿಗೆ ಸಮಾಧಾನ ಮಾಡಿದಂತಾಯಿತು?

ತದಡಿಯ ಕಡೆ ದೋಣಿ ಕೆಲಸ ಮಾಡುತ್ತಿದ್ದ ಒಬ್ಬರು ಇದ್ದಾರೆ. ಮೂತ್ರ ಬಹುತೇಕ ನಿಂತುಹೋಗಿದೆ. ಇಂಥವರಿಗೆ ದಿನಕ್ಕೆ ಅರ್ಧ ಮುಕ್ಕಾಲು ಲೀಟರ್ ನೀರಿನ ಮೇಲೆ ಹೋಗಬಾರದು ಅಂತಾರೆ. ಏಪ್ರಿಲ್ ತಿಂಗಳ ಕರಾವಳಿ ಸೆಕೆ ಗೊತ್ತಲ್ವಾ? ಎಳನೀರು ಕೂಡ ಮುಟ್ಟುವ ಹಾಗಿಲ್ಲ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಹೃದಯದ ಬಡಿತವೇ ತಪ್ಪೀತು. ಅವರು ತೂಕದ ಮಷಿನ್ ಹತ್ತಿದರೆ ಪ್ರತಿ ಸಲ ನಾಲ್ಕು ಕೇಜಿ ಹೆಚ್ಚು. ಎರಡು ಸರದಿಯ ನಡುವೆ ಏರಿದ ಒಂದು ಕೇಜಿ ಅಂದರೆ ಒಂದು ಲೀಟರ್ ನೀರು ಅಂತಲೇ ಲೆಕ್ಕ. ಅಷ್ಟನ್ನು ನಾಲ್ಕು ತಾಸಿನಲ್ಲಿ ಎಳೆದರೆ ಮೀನಖಂಡ ಕಲ್ಲಿನಂತೆ ಸೆಟೆದುಕೊಳ್ಳುತ್ತದೆ. ‘ನೀವು ಸ್ಟ್ರಾಂಗ್, ನಿಮ್ಮಿಂದಾಗುತ್ತೆ’ ಅಂತ ಎಲ್ಲರೂ ಹುರಿದುಂಬಿಸಿದ್ದಾಗಿತ್ತು. ಅವರೂ ತಲೆಯಾಡಿಸಿ ಹೋಗುತ್ತಿದ್ದರು. ತೂಕ ಮಾತ್ರ ಅಲ್ಲೇ ಇತ್ತು.

ಒಮ್ಮೆ ಅವರ ಕಾಲು ತಿಕ್ಕುತ್ತಾ, “ಬಾಯಾರಿಕೆ ತಡ್ಕೊಳ್ಳೋದು ಭಾರೀ ಕಷ್ಟ ಅಲ್ವಾ” ಅಂದೆ.

“ರಾತ್ರಿ ನಾಲ್ಗೆ ಅಂಗುಳಕ್ಕೆ ಅಂಟ್ತದೆ ಸಿಸ್ಟರ್. ಅಳು ಬರ್ತದೆ.”

ಅಷ್ಟು ಹೊರಗೆ ಬಂದ ಮೇಲೆ ಉಳಿದದ್ದೂ ಬಂತು. ರಾತ್ರಿ ಊಟಕ್ಕೆ ಗಂಜಿ, ನಂಚಿಕೊಳ್ಳಲು ಒಣ ಬಂಗಡೆ. ಗಂಜಿಯ ತಿಳಿಯನ್ನು ಅವರು ನೀರು ಅಂತ ಎಣಿಸಿಯೇ ಇರಲಿಲ್ಲ. ಒಣಮೀನಿನ ಉಪ್ಪು ಬೇರೆ ದಾಹ ಏರಿಸುತ್ತಿತ್ತು. ಇದನ್ನು ಅವರು ಬೇಕಂತ ಮುಚ್ಚಿಟ್ಟಿರಲಿಲ್ಲ. ‘ಸ್ಟ್ರಾಂಗ್’ ಅಂತ ಹೊಗಳಿಸಿಕೊಂಡವರು ‘ತಡೆಯೋಕಾಗ್ತಿಲ್ಲ’ ಅಂತ ಬಾಯಿಬಿಡುವುದು ಹೇಗೆ?

ಇನ್ನು ನಮ್ಮ ಮುಖದ ವಿಷಯ. ಡಯಾಲಿಸಿಸ್‌ಗೆ ಮುಂಚೆ ಕೈಯ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡುತ್ತೇವೆ. ಸೂಜಿ ಹಾಕಲೆಂದು ಆಪರೇಷನ್ ಮಾಡಿ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿದ ಜಾಗ ಅದು. ಸರಿ ಇದ್ದರೆ ಒಳಗೆ ಗುಂಯ್ ಅಂತ ನಡುಕ ಸಿಗುತ್ತದೆ. ಸಿಗದಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆ ಹೊತ್ತಿಗೆ ಪೇಷೆಂಟ್ ತನ್ನ ಕೈ ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾರೆ. ಯಾವಾಗಲೂ ಒಂದೇ ನಗು ಅಂಟಿಸಿಕೊಂಡ ಮುಖದಿಂದ ಅವರಿಗೆ ಏನು ತಿಳಿಯಬೇಕು? ನಿಜವಾಗಿ ಎಲ್ಲ ಸರಿ ಇದ್ದ ದಿನವೂ ನಂಬಿಕೆ ಬರುವುದಿಲ್ಲ. ನಡುಕ ಸಿಗದ ದಿನ ನಾನು “ಸಿಗ್ತಾ ಇಲ್ಲ, ಇನ್ನೊಮ್ಮೆ ನೋಡ್ತೇನೆ, ಡಾಕ್ಟ್ರನ್ನೂ ಕರೀತೇನೆ” ಅನ್ನುತ್ತೇನೆ. ಯಾರೂ ಎದೆ ಒಡೆದುಕೊಂಡದ್ದು ಕಾಣೆ.

ಮನೆಯವರದ್ದು ಬೇರೆಯೇ ಕತೆ. ‘ಅಪ್ಪಂಗೆ ಹೇಳ್ಬೇಡಿ ಸಿಸ್ಟರ್’ ಅಂತ ಮಗ ಕಾರಿಡಾರಿನಲ್ಲಿ ಕೈಮುಗಿಯುತ್ತಾನೆ. ಒಳಗೆ ಅಪ್ಪ, ‘ನಂಗೆ ಗೊತ್ತಾಗಿದೆ ಅಂತ ಅವ್ನಿಗೆ ಹೇಳ್ಬೇಡಿ’ ಅನ್ನುತ್ತಾರೆ. ಇಬ್ಬರೂ ಬಣ್ಣ ಹಚ್ಚಿಕೊಂಡು ರಂಗಸ್ಥಳಕ್ಕೆ ಬಂದ ಹಾಗೆ, ಬೆಳಗಿನವರೆಗೂ ವೇಷ ಕಳಚುವಂತಿಲ್ಲ. ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು ಅಲ್ಲಿನ ಆಸ್ಪತ್ರೆಗಳಲ್ಲಿ ಕೂತು ಇದನ್ನೇ ನೋಡಿ 1965ರಲ್ಲಿ ಬರೆದಿದ್ದರು. ಸಾವು ಹತ್ತಿರವಿದೆ ಅಂತ ಎಲ್ಲರಿಗೂ ಗೊತ್ತು, ಯಾರಿಗೂ ಗೊತ್ತಿಲ್ಲದ ಹಾಗೆ ಎಲ್ಲರೂ ನಟಿಸುತ್ತಾರೆ. ಓದಿದಾಗ ನಮ್ಮ ಕಾರಿಡಾರೇ ಕಣ್ಣಮುಂದೆ ಬಂತು.

ನಮ್ಮ ಜಿಲ್ಲೆಯಲ್ಲಂತೂ ‘ಏನೂ ಆಗಲ್ಲ, ಹೋಗಿ ಬನ್ನಿ’ ಅನ್ನುವುದು ಇನ್ನೂ ಟೊಳ್ಳು. ಪೇಷೆಂಟ್ ಸೀರಿಯಸ್ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೆ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಆಗ ಎದ್ದ ಕೂಗು ಎಲ್ಲರ ಮೊಬೈಲಿನಲ್ಲೂ ಇತ್ತು. ಆಂಬುಲೆನ್ಸ್ ಹತ್ತುವವರಿಗೆ ಅದು ಮರೆತಿರುತ್ತದಾ? ಅವರಿಗೆ ಬೇಕಾದ್ದು ಇಷ್ಟು: ಆಕ್ಸಿಜನ್ ಸಾಲುತ್ತದೆ, ನೋಡಿದ್ದೇನೆ. ಅಲ್ಲಿಗೆ ಫೋನ್ ಮಾಡಿ ಹೇಳಿದ್ದೇವೆ. ಈ ರಿಪೋರ್ಟ್ ಮೇಲಿರಲಿ. ಹೆದರಿಕೆ ಆಗೋದು ಸಹಜ.

ಹಾಗಂತ ಇದ್ದದ್ದನ್ನೆಲ್ಲ ಮುಖಕ್ಕೆ ಹೊಡೆದ ಹಾಗೆ ಹೇಳಿ ಅನ್ನುತ್ತಿಲ್ಲ. ಅಂಥವರನ್ನೂ ನೋಡಿದ್ದೇನೆ, ಅದೂ ಒಂದು ಸೋಮಾರಿತನವೇ. ಕ್ಯಾನ್ಸರ್ ಪೇಷೆಂಟಿಗೆ ಕೆಟ್ಟ ಸುದ್ದಿ ತಿಳಿಸಲು ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮತ್ತು ಅವರ ಜೊತೆಗಾರರು 2000ರಲ್ಲಿ ಪ್ರಕಟಿಸಿದ ‘ಸ್ಪೈಕ್ಸ್’ ಅನ್ನುವ ಆರು ಹೆಜ್ಜೆಯ ಕ್ರಮ ಇದೆ. ಅದರಲ್ಲಿ ಸುದ್ದಿ ಹೇಳುವುದು ನಾಲ್ಕನೆಯ ಹೆಜ್ಜೆ. ಅದಕ್ಕೆ ಮೊದಲು ಕೂರಲು ಜಾಗ ನೋಡಬೇಕು, ಅವರಿಗೆ ಈಗಾಗಲೇ ಏನು ಗೊತ್ತು ಅಂತ ಕೇಳಬೇಕು, ಎಷ್ಟು ತಿಳಿಯಲು ಇಷ್ಟ ಅಂತ ಕೇಳಬೇಕು. ಕಾಯಿಲೆ ಎಲ್ಲಿಗೆ ಬಂತು ಅಂತ ಹೇಳುವುದು ಡಾಕ್ಟರ ಕೆಲಸ. ಆದರೆ ಆ ಮೊದಲಿನ ಪ್ರಶ್ನೆಗಳನ್ನು ನರ್ಸ್ ಕೇಳಬಹುದು. ಡಾಕ್ಟರು ಹೋದ ಮೇಲೆ ಉಳಿಯುವವರೂ ನಾವೇ.

ನಗುವುದಕ್ಕೂ ನನ್ನ ಅಡ್ಡಿಯಿಲ್ಲ. ನಮ್ಮಲ್ಲಿ ನಗು ಬೇಕಾದಷ್ಟಿದೆ. ಮೀನಿನ ರೇಟು, ಯಕ್ಷಗಾನದ ಭಾಗವತರು, ಪಕ್ಕದ ಹಾಸಿಗೆಯವರ ಗೊರಕೆ, ಯಾವುದನ್ನೂ ಬಿಡುವುದಿಲ್ಲ.

ಹೊಸ ಹುಡುಗಿಯರು ಕೇಳುವುದು ಒಂದೇ: “ಹಾಗೆಲ್ಲ ಕೇಳಿ ಅವ್ರು ಅತ್ಬಿಟ್ರೆ ಎಂತ ಮಾಡೋದು ಸಿಸ್ಟರ್?” ಅಳಲಿ. ಮಷಿನ್‌ಗೆ ಅದರಿಂದ ಏನೂ ಆಗುವುದಿಲ್ಲ. ಸೂಜಿ ಇರುವ ಕೈಯಿಂದ ಕಣ್ಣೊರೆಸಿಕೊಳ್ಳಲು ಹೋಗುತ್ತಾರೆ, ಅದೊಂದು ನೋಡಿಕೊಳ್ಳಿ.