ಡಿಸೆಂಬರಿನ ಮಳೆ, ಗುರುವಾರದ ಮುನ್ನೋಟ

2021ರ ಡಿಸೆಂಬರ್ 1ರಂದು ಪುಣೆಯಲ್ಲಿ ಮಳೆ ಹಿಡಿಯಿತು. ಈ ಊರಿನ ಚಳಿ ಸಾಮಾನ್ಯವಾಗಿ ರಾತ್ರಿಯದು. ಬಿಸಿಲೇರಿದ ಮೇಲೆ ಸ್ವೆಟರ್ ಕಳಚಲೇಬೇಕು. ಅಂದು ಮಾತ್ರ ಮೋಡ ಬಿಸಿಲನ್ನು ತಡೆದು ಹಗಲನ್ನು ತಣ್ಣಗಿರಿಸಿತು, ಭೂಮಿಯ ಶಾಖವನ್ನು ಮೇಲೇರಲು ಬಿಡದೆ ರಾತ್ರಿಯನ್ನು ಬೆಚ್ಚಗಿರಿಸಿತು. ಹೀಗೆ ಹಗಲಿಗೂ ರಾತ್ರಿಗೂ ಹೆಚ್ಚಿನ ಅಂತರವೇ ಉಳಿಯಲಿಲ್ಲ. ಅರಬ್ಬೀ ಸಮುದ್ರದ ಕಡೆಯಿಂದ ಬಂದ ತೇವವೂ, ಮೆಡಿಟರೇನಿಯನ್ ದಿಕ್ಕಿನಿಂದ ಉತ್ತರ ಭಾರತದ ಮೇಲೆ ಸಾಗಿಬರುವ, ಪಶ್ಚಿಮದ ಪ್ರಕ್ಷುಬ್ಧತೆ ಎಂಬ ಚಳಿಗಾಲದ ಮಳೆ ತರುವ ವಾಯುವ್ಯವಸ್ಥೆಯೂ ಒಟ್ಟುಗೂಡಿದಾಗ ಮಹಾರಾಷ್ಟ್ರಕ್ಕೆ ಇಂಥ ಅಕಾಲದ ಮಳೆ ಬರುತ್ತದೆ.

ವಿಜಯಪುರ ಜಿಲ್ಲೆಯ ತಿಕೋಟಾ ಬಳಿ ದ್ರಾಕ್ಷಿ ಬೆಳೆಯುವ ನಮ್ಮ ಕಾಕಾ ಮಧ್ಯಾಹ್ನವೇ ಫೋನ್ ಮಾಡಿ, "ತಮ್ಮಾ, ಅಲ್ಲಿ ಮಳಿ ಹಿಡದೈತಂತ, ಈ ಕಡಿ ಬರತೈತೇನು?" ಎಂದು ಕೇಳಿದರು. ಅಕ್ಟೋಬರಿನಲ್ಲಿ ಚಾಟ್ನಿ ಮಾಡಿದ, ಅಂದರೆ ಕಡ್ಡಿ ಸವರಿದ ಬಳ್ಳಿಯಲ್ಲಿ ಆ ಹೊತ್ತಿಗೆ ಗೊನೆಗಳು ಎಳಸಾಗಿರುತ್ತವೆ. ಎಲೆಯ ಮೇಲೆ ನೀರು ಗಂಟೆಗಟ್ಟಲೆ ನಿಂತರೆ ದವಣಿ ಎಂಬ ಬೂಷ್ಟು ರೋಗಕ್ಕೆ ಅಷ್ಟೇ ಸಾಕು, ಆದ್ದರಿಂದ ಬರಿಯ ಮೋಡವೂ ಅವರ ನಿದ್ದೆ ಕೆಡಿಸುತ್ತದೆ.

ಮರುದಿನ ಗುರುವಾರ. ಹವಾಮಾನ ಇಲಾಖೆ ಮುಂದಿನ ವಾರಗಳ ವಿಸ್ತೃತ ಮುನ್ನೋಟವನ್ನು ಹೊರಡಿಸುವುದು ಪ್ರತಿ ಗುರುವಾರವೇ, ಅದಕ್ಕೆ ಆಧಾರವಾದ ಗಣಕ ಮಾದರಿಯನ್ನು ರೂಪಿಸಿದ್ದು ಪುಣೆಯ ಪಾಷಾಣ ಬಡಾವಣೆಯಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆ. ಆ ನಕಾಶೆಗಳನ್ನು ನೋಡಿ ಕಾಕಾರಿಗೆ ವಿವರಿಸುವಾಗ ನಾನು ಒತ್ತಿ ಹೇಳಿದ್ದು ಒಂದೇ ಮಾತು: ಎರಡನೆಯ ವಾರದ ನಕಾಶೆಯು ಇಡೀ ವಾರದ ಮಳೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬ ಒಲವನ್ನಷ್ಟೇ ತೋರಿಸುತ್ತದೆ, ಯಾವ ದಿನ ಯಾವ ಊರಿಗೆ ಹನಿ ಬೀಳುತ್ತದೆಂದು ಅದು ಹೇಳುವುದಿಲ್ಲ. ಬಳ್ಳಿಗೆ ಔಷಧ ಹೊಡೆಯುವ ದಿನವನ್ನು ಗೊತ್ತುಮಾಡಲು ನಾಲ್ಕೈದು ದಿನಗಳ ಮುನ್ಸೂಚನೆಯೇ ಬೇಕು. ಆಳುಗಳನ್ನು ಯಾವ ವಾರಕ್ಕೆ ಹೇಳಿಡಬೇಕೆಂಬುದಕ್ಕೆ ಗುರುವಾರದ್ದು ನೆರವಾಗುತ್ತದೆ. ಈ ವ್ಯತ್ಯಾಸವನ್ನು ರೈತರಿಗೆ ಅವರ ಮಾತಿನಲ್ಲೇ ತಿಳಿಸುವವರು ತೀರ ಕಡಿಮೆ ಎಂಬುದು ನನ್ನ ನಿಜವಾದ ಕೊರಗು.

ಆ ಮಳೆಯ ಪೆಟ್ಟು ಎಷ್ಟೆಂಬುದು ಆಮೇಲಿನ ಸುದ್ದಿಗಳಿಂದ ತಿಳಿಯಿತು. ಪುಣೆ ಜಿಲ್ಲೆಯ ಜುನ್ನರ, ಅಂಬೇಗಾಂವ, ಶಿರೂರ ಭಾಗಗಳ ಬಯಲಿನಲ್ಲಿ ತಂಗಿದ್ದ ಧನಗರ ಕುರಿಗಾಹಿಗಳ ನೂರಾರು ಕುರಿಗಳು ಮಳೆ ಮತ್ತು ಚಳಿಗೆ ಸತ್ತವು. ತೋಟದವನಿಗೆ ಔಷಧವಾದರೂ ಉಂಟು, ಹೊಲದಿಂದ ಹೊಲಕ್ಕೆ ಹಿಂಡು ಹೊಡೆದುಕೊಂಡು ಹೋಗುವವನಿಗೆ ಒಂದು ತಗಡಿನ ಮಾಡೂ ಇಲ್ಲ. ಮುನ್ಸೂಚನೆ ಮೊದಲು ತಲುಪಬೇಕಾದದ್ದು ಅವನಿಗೆ.

ಆ ಚಳಿಗಾಲ ಕೊನೆಯವರೆಗೂ ಸ್ಥಿರವಾಗಲಿಲ್ಲ. ಡಿಸೆಂಬರ್ ಕೊನೆಯಲ್ಲಿ ವಿದರ್ಭದಲ್ಲಿ ಆಲಿಕಲ್ಲು ಬಿತ್ತು, ಜನವರಿ 23ರಂದು ಪಾಕಿಸ್ತಾನದ ಕಡೆಯಿಂದ ಬಂದ ಧೂಳು ಮುಂಬಯಿಯ ಆಕಾಶವನ್ನು ಮುಸುಕಿತು, ಅದರ ಬೆನ್ನಿಗೇ ಚಳಿ ಬಿಗಿಯಾಯಿತು. ಅಷ್ಟರಲ್ಲಿ ಕಾಕಾರ ಚಿಂತೆ ಮಳೆಯಿಂದ ರಾತ್ರಿಯ ತಾಪಮಾನಕ್ಕೆ ತಿರುಗಿತ್ತು, ಏಕೆಂದರೆ ಚಳಿ ಹೆಚ್ಚಾದರೆ ಕಾಯಿಯ ಬೆಳವಣಿಗೆ ಕುಂಠಿತವಾಗುತ್ತದೆ. ಬಾವಿಯ ನೀರು ಗಾಳಿಗಿಂತ ಬೆಚ್ಚಗಿರುವುದರಿಂದ, ಚಳಿ ಬಲಿಯುವ ಸೂಚನೆಯಿದ್ದ ದಿನಗಳಲ್ಲಿ ಅವರು ಬೆಳಗಿನ ಜಾವವೇ ಎದ್ದು ಬಳ್ಳಿಗಳಿಗೆ ಹನಿ ನೀರು ಬಿಟ್ಟರು.