ಹೈಟಿ ತೀರಿಸಿದ ಸಾಲ

18 ಏಪ್ರಿಲ್ 2025, ಶುಕ್ರವಾರ

ನಿನ್ನೆಗೆ ಸರಿಯಾಗಿ 200 ವರ್ಷ. 1825ರ ಏಪ್ರಿಲ್ 17ರಂದು ಫ್ರಾನ್ಸಿನ ದೊರೆ ಹತ್ತನೇ ಶಾರ್ಲ್ ಒಂದು ಆಜ್ಞೆ ಹೊರಡಿಸಿದ. ಕೆರಿಬಿಯನ್ ಸಮುದ್ರದ ಹೈಟಿ ಸ್ವತಂತ್ರ ದೇಶ ಅಂತ ಒಪ್ಪಿಕೊಳ್ಳುತ್ತೇನೆ, ಆದರೆ 15 ಕೋಟಿ ಫ್ರಾಂಕ್ ಕಟ್ಟಬೇಕು, ಅದೂ ಐದೇ ಕಂತಿನಲ್ಲಿ. ಆ ದುಡ್ಡು ಹೋಗಬೇಕಿದ್ದದ್ದು ತೋಟ ಕಳೆದುಕೊಂಡ ಹಳೇ ಮಾಲೀಕರಿಗೆ. ತೋಟದ ಬೆಲೆಯಲ್ಲಿ ಅಲ್ಲಿ ದುಡಿದ ಗುಲಾಮರ ಬೆಲೆಯೂ ಸೇರಿತ್ತು. ಅಂದರೆ ಗುಲಾಮರಾಗಿದ್ದವರು, ಅವರ ಮಕ್ಕಳು, ತಮ್ಮ ಮೈಗೆ ತಾವೇ ದುಡ್ಡು ಕಟ್ಟಬೇಕಾಯಿತು. ಇದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಯಾವ ತೋಟಗಳು ಅವು? ಹೈಟಿ ಆಗ ಫ್ರೆಂಚರ ವಸಾಹತು, ಅವರು ಸಾಂ ಡೊಮಾಂಗ್ ಅಂತ ಕರೆಯುತ್ತಿದ್ದ ಅಲ್ಲಿ 1789ರ ಹೊತ್ತಿಗೆ ಹತ್ತಿರ ಹತ್ತಿರ 5 ಲಕ್ಷ ಗುಲಾಮರಿದ್ದರು. ಯುರೋಪಿಗೆ ಬೇಕಾದ ಸಕ್ಕರೆಯಲ್ಲಿ ಸುಮಾರು ಶೇ 40ರಷ್ಟು ಅಲ್ಲಿಂದಲೇ ಬರುತ್ತಿತ್ತು. ಕಬ್ಬು ಕಡಿದ ಮೇಲೆ ಬೇಗ ಅರೆಯದಿದ್ದರೆ ರಸ ಹುಳಿ ಬರುತ್ತದೆ, ಹಾಗಾಗಿ ಕಟಾವಿನ ತಿಂಗಳುಗಳಲ್ಲಿ ಗಾಣ ರಾತ್ರಿಯೂ ನಿಲ್ಲುತ್ತಿರಲಿಲ್ಲ, ಹಗಲೆಲ್ಲ ದುಡಿದವರೇ ರಾತ್ರಿ ಪಾಳಿಗೂ ನಿಲ್ಲಬೇಕು, ತಿರುಗುವ ಉರುಳೆಗಳ ಮಧ್ಯೆ ಕೈಯಿಂದಲೇ ಕಬ್ಬು ಕೊಡಬೇಕು. ನಿದ್ದೆಗಣ್ಣಲ್ಲಿ ಬೆರಳು ಸಿಕ್ಕಿಕೊಂಡರೆ ತೋಳೂ ಒಳಗೆ ಹೋಗುತ್ತಿತ್ತು. ಕೆರಿಬಿಯನ್ ಗಾಣಗಳಲ್ಲಿ ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರು, ತೋಳು ಕಡಿದಾದರೂ ಜೀವ ಉಳಿಸೋಣ ಅಂತ. ಅತ್ತ ಕಡೆ ಫ್ರಾನ್ಸಿನ ನಾಂತ್, ಬೋರ್ಡೋ ಬಂದರುಗಳಲ್ಲಿ ದೊಡ್ಡ ದೊಡ್ಡ ಕಲ್ಲಿನ ಮನೆಗಳು ಎದ್ದವು.

1791ರ ಆಗಸ್ಟಿನಲ್ಲಿ ಉತ್ತರದ ಬಯಲಿನ ತೋಟಗಳಿಗೆ ಬೆಂಕಿ ಬಿತ್ತು, ಗುಲಾಮರು ದಂಗೆ ಎದ್ದರು. 1794ರಲ್ಲಿ ಫ್ರಾನ್ಸೇ ಗುಲಾಮಗಿರಿ ರದ್ದು ಮಾಡಿತು. ಅದನ್ನು 1802ರಲ್ಲಿ ವಾಪಸ್ ತರಲು ಹೊರಟವನು ನೆಪೋಲಿಯನ್. ಗುಲಾಮನಾಗಿ ಹುಟ್ಟಿ ಸೇನಾಪತಿಯಾದ ಟೂಸಾಂ ಲೂವರ್ಚೂರನನ್ನು ಮಾತುಕತೆಗೆ ಕರೆದು ಹಿಡಿದು, ಫ್ರಾನ್ಸಿನ ಚಳಿ ಬೆಟ್ಟದ ಕೋಟೆಯೊಂದರಲ್ಲಿ ಕೂಡಿಹಾಕಿದರು. 1803ರ ಏಪ್ರಿಲ್‌ನಲ್ಲಿ ಅಲ್ಲೇ ಸತ್ತ. ಆದರೂ ನೆಪೋಲಿಯನ್ನನ ಸೇನೆ ಸೋತಿತು. 1804ರ ಜನವರಿ 1ಕ್ಕೆ, ಟೂಸಾಂ ನಂತರ ಮುಂದಾಳಾದ ಡೆಸಲೀನ್ ಹೈಟಿಯ ಸ್ವಾತಂತ್ರ್ಯ ಸಾರಿದ. ಗೆದ್ದವರು ಸೋತವರಿಗೆ ಪರಿಹಾರ ಕೊಟ್ಟದ್ದು ಬೇರೆಲ್ಲಾದರೂ ಉಂಟಾ?

ಕೊಡಿಸಿದ್ದು ಫಿರಂಗಿ. 1825ರ ಜುಲೈನಲ್ಲಿ ಹೈಟಿಯ ರಾಜಧಾನಿ ಪೋರ್ಟ್ ಔ ಪ್ರಿನ್ಸ್ ಎದುರು ಫ್ರಾನ್ಸಿನ 14 ಯುದ್ಧನೌಕೆಗಳು ಬಂದು ನಿಂತವು. ಹೈಟಿಯ ಅಧ್ಯಕ್ಷ ಬೋಯೆ ಒಪ್ಪಿಕೊಂಡ. ಮೊದಲ ಕಂತೇ 3 ಕೋಟಿ, ಸರ್ಕಾರದ ವರಮಾನಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅದನ್ನು ಕಟ್ಟಲು ಪ್ಯಾರಿಸ್ಸಿನ ಬ್ಯಾಂಕುಗಳಿಂದಲೇ ಸಾಲ ಎತ್ತಬೇಕಾಯಿತು. ಪತ್ರದಲ್ಲಿ 3 ಕೋಟಿ ಬರೆದು ಕೈಗೆ ಕೊಟ್ಟದ್ದು 2 ಕೋಟಿ 40 ಲಕ್ಷ, ಉಳಿದದ್ದು ಬ್ಯಾಂಕುಗಳೇ ಮುರಿದುಕೊಂಡವು. ದಂಡವೂ ಫ್ರಾನ್ಸಿಗೇ, ಬಡ್ಡಿಯೂ ಫ್ರಾನ್ಸಿಗೇ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು, ನಿಜ. ಆದರೆ ಸಾಲದ ಮೇಲೆ ಸಾಲ ಬೆಳೆದು, ಈ ಬಾಬತ್ತಿನ ಕೊನೆಯ ಬಾಕಿ ತೀರುವಾಗ 1947.

ತೀರಿಸಿದವರು ಬೆಟ್ಟದ ಸಣ್ಣ ರೈತರು. ಮತ್ತೆ ಯಾರ ತೋಟದಲ್ಲೂ ಕೂಲಿ ಮಾಡಬಾರದು ಅಂತ ಮೇಲೆ ಹೋಗಿ ತುಂಡು ಭೂಮಿಯಲ್ಲಿ ಕಾಫಿ ಬೆಳೆದವರು. ಆ ಕಾಫಿ ಬಂದರು ದಾಟುವಾಗ ಸರ್ಕಾರ ಸುಂಕ ಕಿತ್ತುಕೊಳ್ಳುತ್ತಿತ್ತು, ಆ ಸುಂಕದ ದೊಡ್ಡ ಪಾಲು ಪ್ಯಾರಿಸ್ಸಿಗೆ. 1826ರಲ್ಲಿ ಬೋಯೆ ತಂದ ಕಾನೂನು ರೈತರನ್ನು ಮತ್ತೆ ತೋಟಗಳಿಗೆ ಕಟ್ಟಿಹಾಕಲು ನೋಡಿತು. ಶಾಲೆ, ರಸ್ತೆ, ನೀರು ಇವಕ್ಕೆಲ್ಲ ಇನ್ನೆಲ್ಲಿಂದ ದುಡ್ಡು ಬರಬೇಕು? ಅಮೆರಿಕ ಅಂತೂ ತನ್ನ ಗುಲಾಮರಿಗೆ ಇದು ಮಾದರಿಯಾದೀತು ಅಂತ ಹೆದರಿ 1862ರವರೆಗೆ ಹೈಟಿಯನ್ನು ದೇಶ ಅಂತಲೇ ಒಪ್ಪಲಿಲ್ಲ. ಆಮೇಲೆ 1914ರ ಡಿಸೆಂಬರಿನಲ್ಲಿ ಅದೇ ಅಮೆರಿಕದ ಸೈನಿಕರು ಹೈಟಿಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ನ್ಯೂಯಾರ್ಕಿಗೆ ಸಾಗಿಸಿದರು. ಮರುವರ್ಷ ದೇಶವನ್ನೇ ಹಿಡಿದು 1934ರವರೆಗೆ ಕೂತರು.

'ಸ್ವಾತಂತ್ರ್ಯ ಸಿಕ್ಕಿತು, ಆಳೋಕೆ ಬರಲಿಲ್ಲ' ಅಂತ ಹೈಟಿ ಬಗ್ಗೆ ಸುಲಭವಾಗಿ ಹೇಳಿಬಿಡುತ್ತಾರಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ. ಹೈಟಿಯ ಆಳುವವರೂ ತಪ್ಪು ಮಾಡಿದ್ದಾರೆ, ಲೂಟಿ ಹೊಡೆದವರೂ ಇದ್ದಾರೆ. ಆದರೆ ಹುಟ್ಟಿ ಇಪ್ಪತ್ತೊಂದೇ ವರ್ಷದ ದೇಶದ ಕುತ್ತಿಗೆಗೆ ಇಷ್ಟು ದೊಡ್ಡ ಸಾಲ ಕಟ್ಟಿದ ಲೆಕ್ಕ ಬಿಟ್ಟು ಉಳಿದದ್ದನ್ನು ಮಾತ್ರ ಎಣಿಸುವುದು ನ್ಯಾಯ ಅಲ್ಲ.

ನಿನ್ನೆ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಎರಡೂ ದೇಶಗಳ ಇತಿಹಾಸಕಾರರ ಆಯೋಗ ಮಾಡುತ್ತೇವೆ ಅಂದಿದ್ದಾರೆ. ಒಳ್ಳೆಯದೇ. ದುಡ್ಡು ವಾಪಸ್ ಕೊಡುವ ಮಾತು ಅದರಲ್ಲಿಲ್ಲ. 2003ರಲ್ಲಿ ಹೈಟಿಯ ಅಧ್ಯಕ್ಷ ಅರಿಸ್ಟೀಡ್ ಸುಮಾರು 2,170 ಕೋಟಿ ಡಾಲರ್ ಕೇಳಿದ್ದರು. ಆ ಲೆಕ್ಕ ಒಪ್ಪದಿದ್ದರೆ ಫ್ರಾನ್ಸ್ ತನ್ನ ಲೆಕ್ಕ ತೆಗೆದು ಮುಂದಿಡಲಿ. ರಸೀದಿಗಳು, ಸಾಲಪತ್ರಗಳು ಅವರ ಹತ್ತಿರವೇ ಇವೆ.